ಡೈವ್ ಬ್ರೇಕ್ ಎಲ್ಲಿ ಕೂರಿಸ್ಬೇಕು? ಬಾಲದಿಂದ ಶುರು ಮಾಡ್ರಿ

ಫೋಮ್ ಶೀಟಿನಾಗ ಎರಡನೇ ಮಹಾಯುದ್ಧದ ಡೈವ್ ಬಾಂಬರು, ಅಂದ್ರ ಮೂಗು ಕೆಳಗ ಮಾಡಿ ಧುಮುಕಿ ಬಾಂಬ್ ಹಾಕ್ತಿದ್ದ ವಿಮಾನ, ಸ್ಟೂಕಾನೋ ಡಾಂಟ್‌ಲೆಸ್ಸೋ ಮಾಡಿ ರಿಮೋಟಿನಾಗ ಹಾರಸ್ತೀನಿ ಅನ್ನೋ ಹುಡುಗ್ರು ನಮ್ಮ ಬಳ್ಳಾರಿ ಕಡೆ ಕೇಳೋ ಪ್ರಶ್ನೆ ಒಂದ ಇರ್ತೈತಿ, ಅಣ್ಣಾ ಡೈವ್ ಬ್ರೇಕು ರೆಕ್ಕೆ ಅಂಚಿನಿಂದ ಎಷ್ಟು ಸೆಂಟಿಮೀಟ್ರು ಹಿಂದ ಅಂಟಿಸ್ಬೇಕು ಅಂತ. ಅಳತೆ ಹೇಳ್ಬಹುದು, ಆದ್ರ ಅದೊಂದ ಅಳತೆ ಇಟ್ಕೊಂಡು ಅಂಟಿಸಿದ್ರ ನೋಡಾಕ ಚಂದ ಇರ್ತೈತಿ ಅಷ್ಟ, ಮ್ಯಾಲೆ ಹೋಗಿ ಸ್ವಿಚ್ ಒತ್ತಿದಾಗ ವಿಮಾನ ಏನ್ ಮಾಡ್ತೈತಿ ಅನ್ನೋದು ಬ್ಯಾರೆ ಕಥಿ. ನಾ ಹೇಳೋದು ರೆಕ್ಕೆ ಸೈಡಿಗಿಡ್ರಿ, ಮೊದ್ಲು ಬಾಲ ನೋಡ್ರಿ. ಬ್ರೇಕ್ ಎಲ್ಲಿರ್ಬೇಕು ಅನ್ನೋದು ಅದರ ಹಿಂದ ಏನೈತಿ ಅನ್ನೋದ್ರ ಮ್ಯಾಲೆ ಹೋಗ್ತೈತಿ, ಆ ಕಾಲದ ಇಂಜಿನಿಯರುಗಳೂ ಗುದ್ದಾಡಿದ್ದು ಇದರ ಜೊತೀಗೇ.

ಯಾಕಂತ ಹೇಳ್ತೀನಿ. ಡೈವ್ ಬ್ರೇಕ್ ಅಂದ್ರ ಗಾಳಿಗೆ ಅಡ್ಡ ಹಿಡಿಯೋ ಹಲಗಿ. ವಿಮಾನ ಮೂಗು ಕೆಳಗ ಮಾಡಿ ಬೀಳಾಕ ಹತ್ತಿದ್ರ ಸ್ಪೀಡು ಏರ್ತಾನೇ ಹೋಗ್ತೈತಿ, ಗುರಿ ಹಿಡಿಯಾಕ ಟೈಮ್ ಸಿಗಂಗಿಲ್ಲ, ಮತ್ತ ಎಳದು ನೇರ ಮಾಡೋವಾಗ ರೆಕ್ಕೆ ಮ್ಯಾಲೆ ಭಾರ ವಿಪರೀತ ಬೀಳ್ತೈತಿ. ಅದಕ್ಕ ಹಲಗಿ ಅಡ್ಡ ಹಿಡಿದು ಸ್ಪೀಡಿಗೆ ಒಂದು ಮಿತಿ ಹಾಕ್ತಾರ. ಸ್ಟೂಕಾ ಅಂದ್ರ ಯುಂಕರ್ಸ್ ಜೆಯು 87, 60ರಿಂದ 90 ಡಿಗ್ರಿ ಕಡಿದಾಗಿ ಇಳಿದ್ರೂ ಬ್ರೇಕಿನಿಂದಾಗಿ ತಾಸಿಗೆ 500-600 ಕಿಲೋಮೀಟರ್ ಆಸುಪಾಸಿನಾಗ ನಿಲ್ತಿತ್ತು. ಆದ್ರ ಅಡ್ಡ ಹಿಡಿದ ಹಲಗಿ ಹಿಂದ ಗಾಳಿ ಸುಮ್ನ ಹರಿಯಂಗಿಲ್ಲ, ಸುಳಿ ಸುಳಿ ಆಗಿ ಕದಡಿಕೊಂಡು ಹೋಗ್ತೈತಿ, ಆ ಕದಡಿದ ಗಾಳಿ ಸೀದಾ ಹೋಗಿ ಬಾಲಕ್ಕ ಬಡೀತು ಅಂದ್ರ ಬಾಲ ಗಡಗಡ ನಡುಗ್ತೈತಿ, ಎಲಿವೇಟರ್, ಅಂದ್ರ ಮೂಗು ಎತ್ತಿ ಇಳಿಸೋ ಬಾಲದ ಹಲಗಿ, ಮಾತು ಕೇಳಂಗಿಲ್ಲ.

ಅಮೇರಿಕಾದ ನಾರ್ತ್‌ರಾಪ್ ಬಿಟಿ-1ಗೆ ಆಗಿದ್ದು ಇದೇ. ಅದರ ಬ್ರೇಕ್ ರೆಕ್ಕೆಯ ಹಿಂದಿನ ಅಂಚಿನಾಗ, ಮ್ಯಾಲೊಂದು ಕೆಳಗೊಂದು ಬಾಯಿ ತೆರೆದಂಗ ಬಿಚ್ಚೋ ಫ್ಲ್ಯಾಪು, ಬಿಚ್ಚಿದ್ರ ಬಾಲ ನಡುಗ್ತಿತ್ತು. ಬ್ರೇಕಿನ ಜಾಗ ಬದಲಾಯಿಸ್ಲಿಲ್ಲ ಅವ್ರು, ಫ್ಲ್ಯಾಪಿನ ತುಂಬ ತೂತು ಹೊಡೆದ್ರು. ಸ್ವಲ್ಪ ಗಾಳಿ ತೂತಿನಾಗ ಹಾದು ಹೋದ್ರ ದೊಡ್ಡ ಸುಳಿ ಒಡೆದು ಸಣ್ಣ ಸಣ್ಣ ಸುಳಿ ಆಗ್ತಾವ, ಬಾಲಕ್ಕ ಬೀಳೋ ಪೆಟ್ಟು ಕಮ್ಮಿ ಆಗ್ತೈತಿ. ಆ ಬಿಟಿ-1ನ ಮುಂದುವರಿದು ಡಗ್ಲಸ್ ಎಸ್‌ಬಿಡಿ ಡಾಂಟ್‌ಲೆಸ್ ಆಯ್ತು, 1942ರ ಜೂನ್‌ನಾಗ ಮಿಡ್‌ವೇ ಹತ್ರ ಜಪಾನಿನ ನಾಕು ವಿಮಾನವಾಹಕ ಹಡಗು ಮುಳುಗಿಸಿದ್ದು ಈ ತೂತಿನ ಫ್ಲ್ಯಾಪಿನ ವಿಮಾನನ.

ಬ್ರಿಟಿಷರ ಫೇರಿ ಬ್ಯಾರಾಕುಡಾದಾಗ ಉಲ್ಟಾ. ರೆಕ್ಕೆ ಹಿಂದ ಕೆಳಗ ಜೋತುಬಿದ್ದಂಗ ಒಂದು ದೊಡ್ಡ ಫ್ಲ್ಯಾಪ್ ಇತ್ತು, ಡೈವ್ ಮಾಡೋವಾಗ ಅದನ್ನ ಉಲ್ಟಾ ಕಡಿ ತಿರುಗಿಸಿ ಬ್ರೇಕ್ ಮಾಡ್ಕೊಳ್ತಿದ್ರು, ಅದರ ಕದಡಿದ ಗಾಳಿ ಬಾಲಕ್ಕ ಬಡೀತಿತ್ತು ಅಂತ ಬಾಲಾನೇ ಎತ್ತಿ ಮ್ಯಾಲೆ ಇಟ್ರು. ಫೋಟೋದಾಗ ನೋಡ್ರಿ, ಬಾಲದ ಅಡ್ಡ ರೆಕ್ಕೆ ಕಂಬದ ತುದಿ ಕಡೀಗೆ ಏರಿ ಕುಂತೈತಿ, ಚಂದಕ್ಕಲ್ಲ ಅದು. ಜರ್ಮನಿಯ ಡಾರ್ನಿಯರ್ 217ರ ಕೆಲವಕ್ಕಂತೂ ಬ್ರೇಕನ್ನ ಬಾಲದ ತುದೀಗೇ ಹಾಕಿದ್ರು, ಕೊಡೆ ಬಿಚ್ಚಿದಂಗ ಹಿಂದ ಅರಳೋದು, ಹಿಂದ ಬಾಲನ ಇಲ್ಲಂದ್ಮೇಲೆ ನಡುಗೋ ಮಾತೇ ಇಲ್ಲ. ಲೆಕ್ಕ ಸರಿ ಇತ್ತು, ಆದ್ರ ಅಷ್ಟು ಎಳೆತ ಎಲ್ಲಾ ದೇಹದ ಹಿಂದಿನ ಸಣಕಲು ಭಾಗದ ಮ್ಯಾಲೆ ಬೀಳ್ತಿತ್ತು, ಬಿಚ್ಚಿದ್ದು ಮುಚ್ಚದಂಗ ಸಿಕ್ಕಿಹಾಕ್ಕೊಳ್ತಿತ್ತು, ಕೊನಿಗೆ ಕೈಬಿಟ್ರು. ನಿಮ್ಮ ಫೋಮ್ ಮಾಡೆಲ್‌ಗೆ ಇದನ್ನ ಮಾತ್ರ ಮಾಡಾಕ ಹೋಗ್ಬ್ಯಾಡ್ರಿ, ಬಾಲ ಭಾರ ಆಗ್ತೈತಿ, ಮೂಗಿನಾಗ ಸೀಸ ತುಂಬಿ ತುಂಬಿ ಸಾಕಾಗ್ತೈತಿ.

ಈಗ ಯಾವ ವಿಮಾನ ಆರಿಸ್ಕೊಳ್ಳೋದು. ಮೊದಲನೇ ಸಲ ಮಾಡೋರಿಗೆ ಸ್ಟೂಕಾ ಇಲ್ಲಾ ಜಪಾನಿನ ಐಚಿ ಡಿ3ಎ, ವ್ಯಾಲ್ ಅಂತಾರಲ್ಲ ಅದು. ಎರಡರದೂ ಬ್ರೇಕ್ ರೆಕ್ಕೆ ಕೆಳಗ, ಮುಂದಿನ ಅಂಚಿನಿಂದ ಸ್ವಲ್ಪ ಹಿಂದ, ಚಕ್ರದ ಕಾಲಿಗಿಂತ ಹೊರಗ. ಸುಮ್ನಿದ್ದಾಗ ರೆಕ್ಕೆಗೆ ಸಮಾನಾಂತರವಾಗಿ ಗಾಳಿ ಸೀಳ್ಕೊಂಡು ಇರ್ತೈತಿ, ಡೈವ್ ಮಾಡೋವಾಗ 90 ಡಿಗ್ರಿ ತಿರುಗಿ ಅಡ್ಡ ನಿಲ್ತೈತಿ. ಪ್ರೊಪೆಲರ್ ಗಾಳಿಗೂ ಸಿಗಂಗಿಲ್ಲ, ಬಾಂಬಿಗೂ ಅಡ್ಡ ಬರಂಗಿಲ್ಲ, ಕದಡಿದ ಗಾಳಿ ಬಹುಪಾಲು ಬಾಲದ ಕೆಳಗ, ಹೊರಗ ಹಾದು ಹೋಗ್ತೈತಿ. ಎರಡು ಇಂಜಿನ್ನಿನ ಜೆಯು 88, ರಷ್ಯಾದ ಪಿಇ-2 ಎರಡಕ್ಕೂ ಇದೇ ಲೆಕ್ಕ, ಇಂಜಿನ್ ಗೂಡಿನ ಹೊರಗ, ರೆಕ್ಕೆ ಕೆಳಗ ಪಟ್ಟಿ ಪಟ್ಟಿ ಬ್ರೇಕು.

ಒಂದು ಎಚ್ಚರಿಕೆ ಐತಿ. ಸ್ಟೂಕಾ ಅಂದ್ಕೂಡ್ಲೆ ಬ್ರೇಕ್ ಅಂಟಿಸ್ಬ್ಯಾಡ್ರಿ. ರೆಕ್ಕೆ ಕೆಳಗ ಎರಡು 37 ಎಂಎಂ ತೋಪು ಕಟ್ಕೊಂಡು ಟ್ಯಾಂಕ್ ಹೊಡೆಯಾಕ ಹೋಗ್ತಿದ್ದ ಜಿ ಮಾದರಿಗೆ ಡೈವ್ ಬ್ರೇಕ್ ಇಲ್ಲ, ಉದ್ದ ರೆಕ್ಕೆಯ ಡಿ-5ರಾಗೂ ತೆಗೆದು ಹಾಕಿದ್ದೇ ಹೆಚ್ಚು, ಯಾಕಂದ್ರ ಆಗ ಅದರ ಕೆಲಸ ಕಡಿದಾಗಿ ಬೀಳೋದಲ್ಲ, ನೆಲದ ಹತ್ರ ಹಾರಿ ಹೊಡೆಯೋದು. ತೋಪೂ ಇಟ್ಟು ಬ್ರೇಕೂ ಇಟ್ಟ ಮಾಡೆಲ್ ಬಾಳ ಕಡಿ ಕಾಣ್ತಾವ, ಗೊತ್ತಿದ್ದೋರು ನೋಡಿ ನಗ್ತಾರ.

ಎರಡನೇ ಸಲಕ್ಕ ಡಾಂಟ್‌ಲೆಸ್. ಅದರ ಮಜಾನೇ ಬ್ಯಾರೆ, ಕೆಲಸಾನೂ ಡಬಲ್. ಇನ್ನ ನಮ್ಮ ದೇಶದ್ದ ಏನರ ಮಾಡ್ಬೇಕು ಅನ್ನೋರಿಗೆ ವಲ್ಟೀ ವೆಂಜನ್ಸ್ ಐತಿ. ಇಂಡಿಯನ್ ಏರ್ ಫೋರ್ಸಿನ 7 ಮತ್ತ 8ನೇ ಸ್ಕ್ವಾಡ್ರನ್ನು ಬರ್ಮಾ ಗಡಿಯಾಗ ಇದನ್ನ ಹಾರಿಸ್ಯಾವ, ಅದ್ಯಾಕೋ ಇದರ ಬಗ್ಗೆ ನಮ್ಮೋರು ಮಾತಾಡೋದ ಕಮ್ಮಿ, ಎಲ್ಲಾರೂ ಸ್ಟೂಕಾ ಸ್ಟೂಕಾ. ವೆಂಜನ್ಸಿನ ಬ್ರೇಕು ಜಾಳಿಗಿ ತರ, ರೆಕ್ಕೆ ಮ್ಯಾಲೂ ಏಳ್ತೈತಿ ಕೆಳಗೂ ಇಳೀತೈತಿ. ಎರಡೂ ಕಡಿ ಸಮ ಇದ್ರ ರೆಕ್ಕೆಯ ಎತ್ತೋ ಬಲ ಒಂದು ಕಡೀಗೆ ವಾಲಂಗಿಲ್ಲ. ಅದರ ರೆಕ್ಕೆನೂ ದೇಹಕ್ಕ ಸೊನ್ನೆ ಡಿಗ್ರಿ ಕೋನದಾಗ ಕೂರಿಸಿದ್ರು, ನೆಟ್ಟಗ ಕೆಳಗ ಬೀಳೋವಾಗ ರೆಕ್ಕೆ ಎತ್ತಿ ಗುರಿಯಿಂದ ಆಚೆ ಎಳೀಬಾರ್ದು ಅಂತ, ಅದಕ್ಕ ಸಾದಾ ಹಾರೋವಾಗ ಅದು ಮೂಗು ಎತ್ಕೊಂಡ ಹೋಗ್ತಿತ್ತು. ಮಸ್ಟಾಂಗಿನ ಡೈವ್ ಬಾಂಬರ್ ರೂಪ ಎ-36 ಕೂಡ ರೆಕ್ಕೆ ಮ್ಯಾಲೆ ಕೆಳಗ ಎರಡೂ ಕಡಿ ಬ್ರೇಕಿಂದು, ಅದೂ ನಮ್ಮ ಅಸ್ಸಾಮಿನಿಂದ ಹಾರೈತಿ. ಇವೆರಡೂ ಮೂರನೇ ಸಲಕ್ಕ ಇಟ್ಕೊಳ್ರಿ. ವಾಟ್ ವಿಂಡಿಕೇಟರ್ ಅಂತ ಒಂದಿತ್ತು, ಅದು ಚಕ್ರದ ಕಾಲನ್ನ ಇಳಿಬಿಟ್ಟು ಬ್ರೇಕ್ ಅಂದ್ಕೊಳ್ತಿತ್ತು, ಸೋಮಾರಿಗಳಿಗೆ ಅದ ಬೆಸ್ಟು.

ಈಗ ಡ್ರಾಯಿಂಗ್. ಮೂರು ಕಡೆಯಿಂದ ನೋಡಿದ ಚಿತ್ರ ಇರ್ಬೇಕು, ಮ್ಯಾಲಿಂದ, ಬದಿಯಿಂದ, ಮುಂದಿನಿಂದ. ನಾ 1:10 ಅಳತಿ ಇಟ್ಕೊಂಡು ಹೇಳ್ತೀನಿ. ನಿಜವಾದ ಜೆಯು 87 ಬಿ ರೆಕ್ಕೆ 13.8 ಮೀಟರ್, ನಿಮ್ದು 138 ಸೆಂಟಿಮೀಟ್ರು ಆಗ್ತೈತಿ. ಫ್ಲೆಕ್ಸ್ ಅಂಗಡಿಯಾಗ ಆ ಅಳತೀಗೆ ಕಪ್ಪು ಬಿಳಿ ಪ್ರಿಂಟ್ ಹಾಕಿಸ್ಕೊಂಡು ಬಂದು ಗ್ವಾಡಿಗೆ ಅಂಟಿಸ್ರಿ. ಮುಂದಿನಿಂದ ನೋಡಿದ ಚಿತ್ರ ತಗೊಂಡು ಅದರ ಮ್ಯಾಲೆ ಮೊದ್ಲು ಬಾಲದ ಅಡ್ಡ ರೆಕ್ಕೆ ಎಲ್ಲಿಂದ ಎಲ್ಲಿವರೆಗೂ ಬರ್ತೈತಿ, ಎಷ್ಟು ಎತ್ತರದಾಗ ಐತಿ ಅಂತ ಕೆಂಪು ಪೆನ್ನಿನಾಗ ಒಂದು ಚೌಕ ಹಾಕ್ರಿ, ಸುತ್ತಲೂ ಇನ್ನ ಎರಡು ಬಟ್ಟು ಜಾಸ್ತಿ ಬಿಡ್ರಿ ಯಾಕಂದ್ರ ಕದಡಿದ ಗಾಳಿ ಹೋಗ್ತಾ ಹೋಗ್ತಾ ಹರಡಿಕೊಳ್ತೈತಿ. ಆಮ್ಯಾಲೆ ಪ್ರೊಪೆಲರ್ ತಿರುಗೋ ಸುತ್ತು ಬರೀರಿ. ಈ ಎರಡರ ಒಳಗ ಬೀಳದಂಗ ಬ್ರೇಕ್ ಎಷ್ಟು ಕೂರ್ತೈತಿ ನೋಡ್ರಿ. ಸ್ಟೂಕಾದ ನಿಜವಾದ ಜಾಗ ಬಹುಪಾಲು ತಾನಾಗೇ ಹೊರಗ ಬರ್ತೈತಿ, ರೆಕ್ಕೆ ಮೊದ್ಲು ಕೆಳಗ ಬಾಗಿ ಆಮ್ಯಾಲೆ ಮ್ಯಾಲೆ ಏಳೋ ಆಕಾರ ಅಲ್ಲೇನು, ಬಾಗಿದ ಮೂಲೆಯಾಗ ಕಾಲು, ಕಾಲಿನ ಆಚೆ ಬ್ರೇಕು. ಡಾಂಟ್‌ಲೆಸ್ಸಿನ ಚಿತ್ರಕ್ಕ ಇದೇ ಚೌಕ ಹಾಕಿದ್ರ ಬ್ರೇಕಿನ ಒಳಭಾಗ ಸೀದಾ ಬಾಲದ ಮುಂದ ಬಂದು ನಿಲ್ತೈತಿ, ತೂತು ಯಾಕ ಬೇಕಾಯ್ತು ಅಂತ ಕಾಗದದ ಮ್ಯಾಲೇನೆ ಕಾಣ್ತೈತಿ.

ಬದಿಯ ಚಿತ್ರದಾಗ ಸಿಜಿ ಗುರ್ತು ಹಾಕ್ರಿ, ಅಂದ್ರ ಬ್ಯಾಟರಿ ಎಲ್ಲಾ ಸೇರಿ ವಿಮಾನ ತೂಗೋ ಜಾಗ. ಬ್ರೇಕ್ ಸಿಜಿಗಿಂತ ಎಷ್ಟು ಕೆಳಗ ಐತಿ ಅಂತ ಅಳೀರಿ, ಈ ನಂಬರ್ ಮುಂದ ಬೇಕಾಗ್ತೈತಿ.

ಸೈಜಿನ ಲೆಕ್ಕ ಬಾಳ ಮಂದಿ ಮಾಡಂಗಿಲ್ಲ, ಒಂದು ಸಲ ಮಾಡಿ ನೋಡ್ರಿ, ಎಸ್ಸೆಲ್ಸಿ ಗಣಿತ ಸಾಕು. ಗಾಳಿ ಎಳೆತ ಅಂದ್ರ ಗಾಳಿ ಸಾಂದ್ರತೆಯ ಅರ್ಧ, ಗುಣಿಸು ಸ್ಪೀಡಿನ ವರ್ಗ, ಗುಣಿಸು ಹಲಗಿ ವಿಸ್ತೀರ್ಣ, ಗುಣಿಸು ಸುಮಾರು 1.2, ಇದು ಅಡ್ಡ ನಿಂತ ಹಲಗಿಗೆ ಹಿಡಿಯೋ ಅಂಕಿ. ಪುಸ್ತಕದಾಗ ಸಾಂದ್ರತೆ ಘನ ಮೀಟರಿಗೆ 1.225 ಕೇಜಿ ಅಂತ ಇರ್ತೈತಿ, ಅದು ಸಮುದ್ರ ಮಟ್ಟದಾಗ 15 ಡಿಗ್ರಿ ಚಳಿಗೆ, ನಮ್ಮ ಬಳ್ಳಾರಿ ಸಮುದ್ರಕ್ಕಿಂತ 450 ಮೀಟರಿನ ಮ್ಯಾಲೆ, ಬ್ಯಾಸಿಗಿಯಾಗ 40 ಡಿಗ್ರಿ, ಹಂಗಾಗಿ 1.07 ಹಿಡೀರಿ. ಒಂದೂವರೆ ಕೇಜಿ ಸ್ಟೂಕಾ, ಒಂದೊಂದು ಬ್ರೇಕ್ 25 ಸೆಂಟಿಮೀಟ್ರು ಉದ್ದ 3 ಸೆಂಟಿಮೀಟ್ರು ಅಗಲ ಅಂದ್ಕೊಳ್ರಿ, ಎರಡೂ ಸೇರಿ 150 ಚದರ ಸೆಂಟಿಮೀಟ್ರು. ಸೆಕೆಂಡಿಗೆ 20 ಮೀಟರ್ ಸ್ಪೀಡಿನಾಗ ಅಂದ್ರ ತಾಸಿಗೆ 72 ಕಿಲೋಮೀಟರಿನಾಗ ಎಳೆತ 3.85 ನ್ಯೂಟನ್, ಅಂದ್ರ ಸುಮಾರು 400 ಗ್ರಾಂ ತೂಕದಷ್ಟು ಬರ್ತೈತಿ. ವಿಮಾನದ ತೂಕ 1500 ಗ್ರಾಂ, ಅಂದ್ರ ಬ್ರೇಕ್ ಹಿಡಿಯೋದು ನಾಕನೇ ಒಂದು ಪಾಲು, ಉಳಿದಿದ್ದು ವಿಮಾನದ ಮೈ, ಕಾಲು, ಸುಮ್ನ ತಿರುಗೋ ಪ್ರೊಪೆಲರ್ ಹಿಡೀಬೇಕು. ನೆಟ್ಟಗ ಬಿದ್ರ 72ರಾಗ ನಿಲ್ಲಂಗಿಲ್ಲ, ಇನ್ನೂ ಏರ್ತೈತಿ. ಅದಕ್ಕ 45 ಡಿಗ್ರಿ ಸಾಕು ನಮಗ, ಕೆಳಗ ನಿಂತು ನೋಡೋರಿಗೆ 45 ಡಿಗ್ರಿನೂ ನೆಟ್ಟಗ ಬಿದ್ದಂಗ ಕಾಣ್ತೈತಿ.

ಸಾಮಾನಿಗೆ ಬರೋಣ. ಬ್ರೇಕಿಗೆ ಫೋಮ್ ಬ್ಯಾಡ, ಬಾಗ್ತೈತಿ. ಫ್ಲೆಕ್ಸ್ ಅಂಗಡಿಯೋರ ಹತ್ರ ಸನ್‌ಪ್ಯಾಕ್ ಶೀಟ್, ಅಂದ್ರ ಒಳಗ ಟೊಳ್ಳಿರೋ ಪ್ಲಾಸ್ಟಿಕ್ ಬೋರ್ಡಿನ ತುಂಡು ಇರ್ತಾವ, ಹಳೇ ಬೋರ್ಡಿಂದು ಕೇಳಿದ್ರ ಸುಮ್ನ ಕೊಡ್ತಾರ. ಅದರ ಒಳಗಿನ ಕೊಳವಿ ಸಾಲು ಬ್ರೇಕಿನ ಉದ್ದಕ್ಕ ಬರಂಗ ಕತ್ತರಿಸ್ರಿ, ಅಡ್ಡ ಕತ್ತರಿಸಿದ್ರ ಅರ್ಧಕ್ಕ ಮಡಚ್ಕೊಳ್ತೈತಿ. ಸ್ಟೂಕಾದ್ದು ಒಂದ ಹಲಗಿ ಅಲ್ಲ, ನಡುವ ಸಂದು ಬಿಟ್ಟ ಪಟ್ಟಿಗಳು, ಆ ಸಂದು ಬಿಡ್ಲಿಕ್ಕೇ ಬೇಕು, ಬಾಲದ ನಡುಕಕ್ಕ ಅದೂ ಔಷಧ. ಒಳಗಿನ ಕೊಳವಿಯಾಗ ಸೈಕಲ್ ಕಡ್ಡಿ ತೂರಿಸ್ರಿ, ಸೈಕಲ್ ಶಾಪಿನಾಗ ಒಂದು ಮುಷ್ಟಿ ಹಳೇ ಕಡ್ಡಿ ಸಿಗ್ತಾವ, 2 ಎಂಎಂ ಆಸುಪಾಸು ಇರ್ತೈತಿ, ಇದಕ್ಕ ಅಂತನ ಮಾಡಿದಂಗ ಕೂರ್ತೈತಿ. ಈ ಕಡ್ಡಿ ಪಟ್ಟಿಯ ಅಂಚಿನಾಗ ಬ್ಯಾಡ, ನಡುವ ಬರ್ಬೇಕು. ನಡುವ ಇದ್ರ ಮ್ಯಾಲಿನ ಅರ್ಧಕ್ಕ ಬೀಳೋ ಗಾಳಿ ಕೆಳಗಿನ ಅರ್ಧದ ಗಾಳಿ ಒಂದನ್ನೊಂದು ತೂಗಿಸ್ಕೊಳ್ತಾವ, ಸರ್ವೋಗೆ, ಅಂದ್ರ ರಿಮೋಟಿನ ಮಾತಿಗೆ ತಿರುಗೋ ಸಣ್ಣ ಮೋಟರಿಗೆ, ಭಾರನ ಬೀಳಂಗಿಲ್ಲ, 9 ಗ್ರಾಂ ಸಣ್ಣ ಸರ್ವೋನೇ ಸಾಕು.

ಬ್ರಾಕೆಟ್ ಮೂರು ಬೇಕು ಒಂದೊಂದು ಕಡೀಗೆ, ಎರಡು ತುದಿ ಒಂದು ನಡು. ಐಸ್‌ಕ್ರೀಮ್ ಕಡ್ಡಿ ಎರಡು ಅಂಟಿಸಿ ಮಾಡ್ಬಹುದು. ರೆಕ್ಕೆ ಒಳಗಿನ ಉದ್ದ ದಬ್ಬಿ ಅಂದ್ರ ಸ್ಪಾರ್ ಏನೈತಿ ಅದಕ್ಕ ತಾಗಿಸಿ ಅಂಟಿಸ್ರಿ, ಬರೇ ಫೋಮಿನ ತೊಗಲಿಗೆ ಅಂಟಿಸಿದ್ರ ಒಂದೊಂದು ಕಡೀಗೆ 200 ಗ್ರಾಂ ಎಳೆತ ಬಂದಾಗ ಕಿತ್ಕೊಂಡು ಬರ್ತೈತಿ. ಅಸಲಿ ವಿಮಾನದಾಗೂ ಈ ಗೋಳು ಇತ್ತು, ವ್ಯಾಲ್ ಮೊದಲನೇ ಮಾದರಿಯಾಗ ಬ್ರೇಕ್ ಬಿಚ್ಚಿದ್ರ ಜೋರು ನಡುಗ್ತಿತ್ತು, ಆಮ್ಯಾಲೆ ಗಟ್ಟಿ ಮಾಡಿ ಹಾಕಿದ್ರು. ಅಂಟಿಗೆ ಹಾಟ್ ಗ್ಲೂ ಬ್ಯಾಡ್ರಿ, ಏಪ್ರಿಲ್ ಮೇನಾಗ ಕಾರಿನ ಡಿಕ್ಕಿಯಾಗ ಇಟ್ರ ಬೆಣ್ಣಿ ಆಗ್ತೈತಿ, ಎರಡು ಟ್ಯೂಬಿನ ಎಪಾಕ್ಸಿ ಹಾಕ್ರಿ. ಮತ್ತ ಬ್ರೇಕ್ ಅಡ್ಡ ನಿಂತಾಗ ಅದರ ಮ್ಯಾಲಂಚಿಗೂ ರೆಕ್ಕೆ ತಳಕ್ಕೂ ನಡುವ 8-10 ಎಂಎಂ ಸಂದು ಇರ್ಲೇಬೇಕು, ಆ ಸಂದಿನಾಗ ಗಾಳಿ ರೆಕ್ಕೆ ಮೈಗೆ ಅಂಟಿಕೊಂಡು ಹರೀತೈತಿ, ಸಂದು ಮುಚ್ಚಿದ್ರ ರೆಕ್ಕೆ ತಳದ ಗಾಳಿನೂ ಕೆಟ್ಟು ವಿಮಾನ ಏನ್ ಮಾಡ್ತೈತಿ ಹೇಳಾಕ ಬರಂಗಿಲ್ಲ.

ಎಡ ಬಲ ಎರಡಕ್ಕೂ ಒಂದ ಸರ್ವೋ, ದೇಹದ ನಡುವ. ಅಲ್ಲಿಂದ ಎರಡೂ ಕಡೀಗೆ ಕಡ್ಡಿ. ಎರಡು ಸರ್ವೋ ಹಾಕಿ ವೈ ವೈರ್ ಕೊಡೋದು ಸುಲಭ ಅನ್ನಿಸ್ತೈತಿ, ಆದ್ರ ಒಂದು ಸರ್ವೋ ಕೈಕೊಡ್ತು ಅಂದ್ರ ಒಂದು ಬ್ರೇಕ್ ಅಷ್ಟ ಬಿಚ್ಕೊಂಡು ನಿಲ್ತೈತಿ, ಮೈಯಿಂದ 35 ಸೆಂಟಿಮೀಟ್ರು ದೂರ 200 ಗ್ರಾಂ ಒಂದ ಕಡಿ ಎಳೆದ್ರ ಬಾಲ ಅದನ್ನ ತಡೀಬೇಕಂದ್ರ 60 ಸೆಂಟಿಮೀಟ್ರು ಹಿಂದ 115 ಗ್ರಾಂ ಮ್ಯಾಲೆ ಬಲ ಕೊಡಬೇಕು, ಅಷ್ಟು ರಡ್ಡರಿನಾಗ, ಅಂದ್ರ ಮೂಗು ಎಡ ಬಲ ತಿರುಗಿಸೋ ಬಾಲದ ಹಲಗಿಯಾಗ, ಎಲ್ಲಿಂದ ಬರ್ತೈತಿ. ವಿಮಾನ ಗಿರಕಿ ಹೊಡೀತೈತಿ. ಒಂದ ಸರ್ವೋ ಇದ್ರ ಕೆಟ್ರೂ ಎರಡೂ ಒಟ್ಟಿಗೇ ಕೆಡ್ತಾವ, ಎರಡೂ ಬಿಚ್ಕೊಂಡಿದ್ರೂ ಇಳಿಸ್ಬಹುದು.

ಡಾಂಟ್‌ಲೆಸ್ ಮಾಡೋರಿಗೆ ಇಲ್ಲಿಂದ. ಫ್ಲ್ಯಾಪ್ ಒಟ್ಟು ಹೆಂಗದಾವ ಅನ್ನೋದರಾಗ ಎಲ್ಲಾರೂ ಗೊಂದಲ ಮಾಡ್ಕೊಳ್ತಾರ. ಕೆಳಗಿನ ಫ್ಲ್ಯಾಪು ಹೊರ ರೆಕ್ಕೆ ಎರಡೂ ಕಡಿ, ಜೊತೀಗೆ ನಡು ಭಾಗದಾಗ ದೇಹದ ಕೆಳಗೂ ಐತಿ. ಮ್ಯಾಲಿನ ಫ್ಲ್ಯಾಪು ಹೊರ ರೆಕ್ಕೆಗಷ್ಟ. ಲ್ಯಾಂಡ್ ಆಗೋವಾಗ ಕೆಳಗಿಂದು ಮಾತ್ರ ಇಳೀತೈತಿ, ಡೈವಿಗೆ ಮ್ಯಾಲಿಂದೂ ಕೆಳಗಿಂದೂ ಎರಡೂ. ಅಂದ್ರ ನೆಲದ ಮ್ಯಾಲೆ ನಿಲ್ಸೋ ಮಾಡೆಲ್‌ನಾಗ ನೀವು ಎರಡೂ ಬಿಚ್ಚಿಟ್ರ ಮೆಕ್ಯಾನಿಕ್ ಚೆಕ್ ಮಾಡಾಕ ಹತ್ತ್ಯಾನ ಅಂತ ಅರ್ಥ, ತಪ್ಪೇನಲ್ಲ, ಗೊತ್ತಿದ್ದು ಮಾಡ್ರಿ ಅಷ್ಟ. ಮ್ಯಾಲೆ ಕೆಳಗ ಸಮ ಇರೋದ್ರಿಂದ ಮೂಗು ಏಳೋದು ಇಳಿಯೋದು ಸ್ಟೂಕಾಕ್ಕಿಂತ ಕಮ್ಮಿ, ಅದೊಂದು ಇದರ ಸುಖ.

ತೂತು ಹೊಡೆಯೋದು ಹೆಂಗ ಅಂದ್ರ, ಬಳ್ಳಾರಿಯಾಗ ಇದ್ದೂ ಇದಕ್ಕ ಆನ್‌ಲೈನ್ ಸಾಮಾನು ತರಿಸ್ತೀರಿ ಅಂದ್ರ ನಾಚ್ಕಿ ಆಗ್ಬೇಕು. ಜೀನ್ಸ್ ಹೊಲಿಯೋ ಯೂನಿಟ್ಟಿನಾಗ ರಿವೆಟ್ ಕೂರ್ಸೋಕೆ ಮೊದ್ಲು ಬಟ್ಟಿಗೆ ತೂತು ಹಾಕೋ ಪಂಚ್ ಇರ್ತಾವ, ಬ್ಯಾರೆ ಬ್ಯಾರೆ ಸೈಜಿನಾಗ. ಕೌಲ್ ಬಜಾರ್ ಕಡಿ ಅಂತಾ ಸಾಮಾನು ಮಾರೋ ಅಂಗಡಿಯಾಗ ಕೇಳ್ರಿ, ಇಲ್ಲಾ ಪರಿಚಯದ ಯೂನಿಟ್ ಇದ್ರ ಒಂದು ಸಂಜಿ ಇಸ್ಕೊಂಡು ಬರ್ರಿ. ಡ್ರಾಯಿಂಗಿನಾಗ ತೂತಿನ ಅಳತಿ ನೋಡ್ಕೊಂಡು ಅದಕ್ಕ ಹತ್ರದ ಪಂಚ್ ಆರಿಸ್ರಿ. ಶೀಟಿಗೆ ಅರ್ಧ ಎಂಎಂ ಪ್ಲಾಸ್ಟಿಕ್ ಫೈಲ್ ಕವರ್ ಚಲೋ, ಸನ್‌ಪ್ಯಾಕ್ ಇದಕ್ಕ ದಪ್ಪ ಆಗ್ತೈತಿ. ಕೆಳಗ ಹಳೇ ಚಪ್ಪಲಿ ಅಟ್ಟಿ ಇಟ್ಟು, ಪಂಚನ್ನ ನೆಟ್ಟಗ ಹಿಡಿದು ಸುತ್ತಿಗಿಯಿಂದ ಒಂದ ಏಟು, ಎರಡನೇ ಏಟು ಹೊಡೆದ್ರ ಅಂಚು ಹರೀತೈತಿ. ಸಾಲು ನೇರ ಬರ್ಬೇಕಂದ್ರ ಮೊದ್ಲು ಚೌಕದ ನೋಟ್‌ಬುಕ್ ಹಾಳಿ ಮ್ಯಾಲೆ ಅಂಟಿಸ್ಕೊಂಡು ಗೆರೆ ಸೇರೋ ಕಡಿ ಹೊಡೀರಿ, ತುದಿಯಿಂದ ಶುರು ಮಾಡ್ಬ್ಯಾಡ್ರಿ ನಡುವಿನಿಂದ ಎರಡೂ ಕಡೀಗೆ ಹೋಗ್ರಿ, ಆಗ ತಪ್ಪು ಬಿದ್ರೂ ಎರಡು ತುದೀಗೆ ಸಮ ಹಂಚ್ಕೊಳ್ತೈತಿ. ತೂತು ತುಂಬಾ ಆದ್ಮೇಲೆ ಶೀಟು ಮೆತ್ತಗಾಗ್ತೈತಿ, ಒಳಗಿನ ಮೈಗೆ ಉದ್ದಕ್ಕೂ ಬಿದಿರು ಕಡ್ಡಿ ಅಂಟಿಸ್ರಿ.

ಇಲ್ಲಿ ಸರ್ವೋ ಲೆಕ್ಕ ಬ್ಯಾರೆ. ಸ್ಟೂಕಾದಂಗ ನಡುವ ತಿರುಗೋದಲ್ಲ, ಅಂಚಿನಾಗ ಬಿಜಾಗರಿ, ಗಾಳಿ ಎಲ್ಲಾ ಮುಚ್ಚೋ ಕಡೀಗೇ ತಳ್ತೈತಿ. 30 ಸೆಂಟಿಮೀಟ್ರು ಉದ್ದ 6 ಅಗಲದ ಒಂದು ಫ್ಲ್ಯಾಪಿಗೆ 72ರ ಸ್ಪೀಡಿನಾಗ ಪೂರಾ ಅಡ್ಡ ನಿಂತ್ರ 470 ಗ್ರಾಂ, ಅದರ ನಡು ಬಿಜಾಗರಿಯಿಂದ 3 ಸೆಂಟಿಮೀಟ್ರು, ಅಂದ್ರ ಸುಮಾರು 1.4 ಕೇಜಿ-ಸೆಂಟಿಮೀಟರ್. ತೂತು ಇರೋದ್ರಿಂದ ಸ್ವಲ್ಪ ಕಮ್ಮಿ ಬರ್ಬಹುದು, ಆದ್ರ ಮ್ಯಾಲಿಂದು ಕೆಳಗಿಂದು ಒಂದ ಸರ್ವೋಗೆ ಕಟ್ಟಿದ್ರ ಡಬಲ್. 9 ಗ್ರಾಂ ಸರ್ವೋ ಅಲ್ಲೇ ಕೈ ಎತ್ತತೈತಿ, ಲೋಹದ ಹಲ್ಲಿನ ದೊಡ್ಡ ಸರ್ವೋ ತಗೊಳ್ರಿ, ಹಾರ್ನ್ ಅಂದ್ರ ಸರ್ವೋದ ಕೈ, ಅದರ ಒಳಗಿನ ತೂತಿಗೆ ಪುಶ್‌ರಾಡ್ ಅಂದ್ರ ತಳ್ಳೋ ಕಡ್ಡಿ ಹಾಕ್ರಿ. ಪೂರಾ ಬಿಚ್ಚೋಕೆ ಎರಡು ಸೆಕೆಂಡು ತಗೊಳ್ಳೋ ಹಂಗ ಟ್ರಾನ್ಸ್‌ಮಿಟರ್‌ನಾಗ ಅಂದ್ರ ಕೈಯಾಗಿನ ರಿಮೋಟಿನಾಗ ಸರ್ವೋ ಸ್ಪೀಡ್ ಇಳಿಸ್ರಿ, ಟಪ್ ಅಂತ ಬಿಚ್ಚಿದ್ರ ಹಲ್ಲೂ ಹೋಗ್ತಾವ ವಿಮಾನಾನೂ ಬೆದರಿದ ದನದಂಗ ಎಗರ್ತೈತಿ.

ಹಾರ್ಸೋಕೆ ಮೊದ್ಲು ಮನಿಯಾಗ ಒಂದು ಟೆಸ್ಟ್. ನಮ್ಮ ಕಡಿ ಯಾರ ಮನಿಯಾಗ ಕೂಲರ್ ಇಲ್ಲ ಹೇಳ್ರಿ. ನೀರು ಖಾಲಿ ಮಾಡಿ ಹೈ ಸ್ಪೀಡಿಗೆ ಇಟ್ಟು ವಿಮಾನವನ್ನ ಸ್ಟೂಲ್ ಮ್ಯಾಲೆ ಕಟ್ಟಿ ಅದರ ಮುಂದ ಇಡ್ರಿ. ಬಾಲದ ಮ್ಯಾಲೆ ಕೆಳಗ ಎರಡೂ ಕಡಿ ಎರಡು ಬಟ್ಟು ಉದ್ದದ ಉಲ್ಲನ್ ದಾರ ಸಾಲಾಗಿ ಟೇಪ್ ಹಾಕ್ರಿ. ಬ್ರೇಕ್ ಮುಚ್ಚಿದ್ದಾಗ ದಾರ ಹೆಂಗ ಆಡ್ತಾವ ಮೊಬೈಲಿನಾಗ ವಿಡಿಯೋ ಮಾಡ್ಕೊಳ್ರಿ, ಬಿಚ್ಚಿ ಮತ್ತ ಮಾಡ್ರಿ. ಕೂಲರ್ ಗಾಳಿ ತಾನ ತಿರುಗ್ತಾ ಬರ್ತೈತಿ, ದಾರ ಒಂಚೂರು ಆಡೋದು ಇದ್ದಿದ್ದ, ನೀವು ನೋಡ್ಬೇಕಾಗಿದ್ದು ಎರಡು ವಿಡಿಯೋಕ್ಕ ನಡುವಿನ ಫರಕು. ಯಾವ ದಾರ ಬಿಚ್ಚಿದ ಮ್ಯಾಲೆ ಹುಚ್ಚೆದ್ದು ಮುಂದ ಹಿಂದ ಹೊಡ್ಕೊಳ್ತೈತಿ, ಅದರ ನೇರ ಮುಂದಿರೋ ಬ್ರೇಕಿನ ತುಂಡನ್ನ ಕಡಿಮಿ ಮಾಡ್ರಿ ಇಲ್ಲಾ ತೂತು ಜಾಸ್ತಿ ಮಾಡ್ರಿ. ಬ್ರೇಕನ್ನ ಡಬಲ್ ಟೇಪಿನಾಗ ಅಂಟಿಸ್ಕೊಂಡು ಒಂದು ಬಟ್ಟು ಆಚೆ ಈಚೆ ಸರಿಸಿ ನೋಡೋಕೂ ಇದೇ ಟೈಮು, ಎಪಾಕ್ಸಿ ಆಮ್ಯಾಲೆ. ಮನಿಯೋರು ಸೆಕಿಯಾಗ ಬೈತಾರ, ಬೈಸ್ಕೊಳ್ರಿ.

ಮೂಗಿನ ವಿಷಯ ಈಗ. ಸ್ಟೂಕಾದ ಬ್ರೇಕ್ ಸಿಜಿಗಿಂತ ಕೆಳಗ ಇರೋದ್ರಿಂದ ಅದರ ಎಳೆತ ಮೂಗನ್ನ ಕೆಳಗ ಎಳೀತೈತಿ. ಮೊದ್ಲು ಅಳೆದಿದ್ರಲ್ಲ, 4 ಸೆಂಟಿಮೀಟ್ರು ಕೆಳಗ ಅಂದ್ಕೊಂಡ್ರ 400 ಗ್ರಾಂ ಗುಣಿಸು 4, ಬಾಲ 60 ಸೆಂಟಿಮೀಟ್ರು ಹಿಂದ ಇದ್ರ ಅಲ್ಲಿ 27 ಗ್ರಾಂ ಕೆಳಗೊತ್ತಿದ್ರ ಸರಿ ಆಗ್ತೈತಿ, ಎಲಿವೇಟರ್ ಒಂಚೂರು ಮ್ಯಾಲೆತ್ತಿದ್ರ ಸಾಕು. ಟ್ರಾನ್ಸ್‌ಮಿಟರ್‌ನಾಗ ಬ್ರೇಕ್ ಸ್ವಿಚ್ಚಿಗೂ ಎಲಿವೇಟರಿಗೂ ಮಿಕ್ಸ್ ಹಾಕ್ರಿ, ಅಂದ್ರ ಸ್ವಿಚ್ ಒತ್ತಿದ್ರ ಎಲಿವೇಟರೂ ತಾನ ಅಷ್ಟು ಏಳಂಗ ಜೋಡಿಸ್ರಿ, ಮೊದ್ಲು ಕಮ್ಮೀನೇ ಇಟ್ಟು ಹಾರಿಸಿ ನೋಡಿ ಏರಿಸ್ರಿ, ರೆಕ್ಕೆ ಗಾಳಿನೂ ಬದಲಾಗೋದ್ರಿಂದ ಕಾಗದದ ಲೆಕ್ಕ ಪೂರಾ ಹೊಂದಂಗಿಲ್ಲ. ಅಸಲಿ ಸ್ಟೂಕಾದಾಗ ಈ ಕೆಲಸಕ್ಕ ಒಂದು ಆಟೋಮ್ಯಾಟಿಕ್ ಯಂತ್ರನ ಇತ್ತು, ಬ್ರೇಕ್ ಬಿಚ್ಚಿದ್ರ ಅದೂ ರೆಡಿ ಆಗ್ತಿತ್ತು, ಬಾಂಬ್ ಬಿಟ್ಟ ಕೂಡ್ಲೆ ವಿಮಾನವನ್ನ ತಾನ ಎಳೆದು ನೇರ ಮಾಡ್ತಿತ್ತು, ಯಾಕಂದ್ರ ಆ ಎಳೆತದಾಗ ಪೈಲಟ್‌ಗೆ ಕಣ್ಣು ಕತ್ತಲೆ ಬಂದು ಜ್ಞಾನನ ತಪ್ಪಬಹುದಿತ್ತು. ನೆಲದಿಂದ 450 ಮೀಟರ್ ಎತ್ತರದಾಗ ಎಳೀಬೇಕಿತ್ತು ಅವ್ರು.

ಹಾರಿಸೋ ಜಾಗ. ತೋರಣಗಲ್ಲು ಕಡಿ ಹೋಗ್ಬ್ಯಾಡ್ರಿ, ವಿದ್ಯಾನಗರದಾಗ ವಿಮಾನ ನಿಲ್ದಾಣ ಐತಿ, ಕೊಪ್ಪಳದೋರು ಗಿಣಗೇರಿ ಕಡಿ ರನ್‌ವೇ ಐತಿ ಅನ್ನೋದು ನೆನಪಿಟ್ಕೊಳ್ರಿ. ಸರ್ಕಾರದ ಡಿಜಿಟಲ್ ಸ್ಕೈ ಮ್ಯಾಪಿನಾಗ ಎಲ್ಲಿ ಹಾರಿಸ್ಬಹುದು ಎಲ್ಲಿ ಬ್ಯಾಡ ಅಂತ ತೋರ್ಸೋ ಹಸಿರು ಹಳದಿ ಕೆಂಪು ಬಣ್ಣ ನೋಡ್ಕೊಂಡ ಹೊರಡ್ರಿ. ಹತ್ತಿ, ಮೆಣಸಿನಕಾಯಿ ಕಿತ್ತು ಮುಗಿದ ಎರಿ ಹೊಲ ಸಿಕ್ರ ಬಂಗಾರ, ಹೊಲದೋರ ಹತ್ರ ಒಂದು ಮಾತು ಕೇಳ್ರಿ, ಕಂಬ ವೈರು ಎಲ್ಲದಾವ ನೋಡ್ರಿ. ಬೆಳಿಗ್ಗಿ ಎಂಟರೊಳಗ ಮುಗಿಸ್ರಿ, ಆಮ್ಯಾಲೆ ನೆಲ ಕಾದು ಗಾಳಿ ಎದ್ದು ಬಾಲ ನಡುಗಿದ್ದು ಬ್ರೇಕಿಗೋ ಬಿಸಿಲಿನ ಗಾಳಿಗೋ ಗೊತ್ತಾಗಂಗಿಲ್ಲ.

ಮೊದಲನೇ ಸಲ ಮ್ಯಾಲೆ ಎತ್ತರಕ್ಕ ಹೋಗಿ, ನೇರ ಹಾರ್ತಾ ಇರೋವಾಗ ಬ್ರೇಕ್ ಅರ್ಧ ಬಿಚ್ರಿ. ಮೂಗು ಎತ್ತ ಹೋಗ್ತೈತಿ, ಬಾಲ ಆಡ್ತೈತೇನು, ಜೊತೀಗೆ ಒಬ್ರು ನಿಂತು ನೋಡ್ಲಿ, ನಿಮ್ಮ ಕಣ್ಣು ಕಂಟ್ರೋಲಿನ ಮ್ಯಾಲೆ ಇರ್ತೈತಿ. ಮಿಕ್ಸ್ ಸರಿ ಮಾಡಿ ಪೂರಾ ಬಿಚ್ರಿ. ಬ್ರೇಕ್ ಬಿಚ್ಚಿ ನೇರ ಹಾರಾಕ ಎಷ್ಟು ಥ್ರಾಟಲ್ ಬೇಕು ನೋಡ್ಕೊಳ್ರಿ, ಬಿಚ್ಚಿದ್ದು ಮುಚ್ಚದಿದ್ರ ಅಷ್ಟು ಥ್ರಾಟಲ್ ಕೊಟ್ಕೊಂಡ ಇಳಿಸ್ಬೇಕಾಗ್ತೈತಿ. ಇದು ಸರಿ ಆದ ಮ್ಯಾಲೆ 30 ಡಿಗ್ರಿ, ಆಮ್ಯಾಲೆ 45. ಕ್ರಮ ಯಾವಾಗ್ಲೂ ಒಂದ ಇರ್ಲಿ, ಥ್ರಾಟಲ್ ಕಡಿಮಿ ಮಾಡು, ಬ್ರೇಕ್ ಬಿಚ್ಚು, ಎರಡು ಸೆಕೆಂಡ್ ಕಾಯಿ, ಆಮ್ಯಾಲೆ ಮೂಗು ಇಳಿಸು. ಸ್ಪೀಡ್ ಏರಿದ ಮ್ಯಾಲೆ ಬಿಚ್ಚಾಕ ಹೋಗ್ಬ್ಯಾಡ್ರಿ, ಸ್ಪೀಡ್ ಡಬಲ್ ಆದ್ರ ಭಾರ ನಾಕು ಪಟ್ಟು ಅನ್ನೋದು ಮರೀಬ್ಯಾಡ್ರಿ. ಎಳೆಯೋವಾಗ ಬ್ರೇಕ್ ಬಿಚ್ಚಿದ್ದ ಇರ್ಲಿ, ನೇರ ಆದ ಮ್ಯಾಲೆ ಮುಚ್ಚಿ ಥ್ರಾಟಲ್ ಕೊಡ್ರಿ. ಬಾಂಬ್ ಬಿಡೋ ಆಸೆ ಇದ್ದೋರು ಸಣ್ಣ ಕಾಗದದ ಪೊಟ್ಟಣದಾಗ ರಂಗೋಲಿ ಪುಡಿ ಕಟ್ರಿ, ಎರಿ ಮಣ್ಣಿನ ಮ್ಯಾಲೆ ಬಿಳಿ ಗುರ್ತು ಚಂದ ಕಾಣ್ತೈತಿ, ಕೆಳಗ ಮಂದಿ ದನ ಇರಬಾರ್ದು ಅಷ್ಟ.

ಬಣ್ಣ ಬಳಿಯೋವಾಗ ಎರಡು ಸಣ್ಣ ವಿಷಯ. ಸ್ಟೂಕಾದ ರೆಕ್ಕೆ ಮ್ಯಾಲ್ಮೈಯಾಗ ಬ್ರೇಕ್ ಬಿಚ್ಚಿದಾಗ ಮ್ಯಾಲೆ ಎದ್ದು ಕಾಣೋ ಸಣ್ಣ ಕೆಂಪು ತಗಡಿನ ಗುರ್ತು ಇತ್ತು, ಪೈಲಟ್ ಕುಂತಲ್ಲಿಂದ ಬ್ರೇಕ್ ಬಿಚ್ಚೈತಿ ಅಂತ ನೋಡ್ಕೊಳ್ಳಾಕ. ಇದನ್ನ ಬ್ರೇಕಿನ ಕಡ್ಡಿಗೇ ಒಂದು ಸಣ್ಣ ತಂತಿ ಬೆಸೆದು ರೆಕ್ಕೆಯಾಗ ಸೀಳು ಬಿಟ್ರ ನಿಜವಾಗ್ಲೂ ಏಳಂಗ ಮಾಡ್ಬಹುದು. ಡಾಂಟ್‌ಲೆಸ್ಸಿನ ಫ್ಲ್ಯಾಪಿನ ಒಳಮೈ ಬಾಳ ವಿಮಾನದಾಗ ಕೆಂಪು ಬಣ್ಣ, ತೂತಿನ ಒಳ ಅಂಚಿಗೂ ಕೆಂಪು ತಾಗಬೇಕು, ಅದಕ್ಕ ತೂತು ಹೊಡೆದ ಮ್ಯಾಲೆ ಬಣ್ಣ ಹಾಕ್ರಿ, ಮೊದ್ಲು ಒಳಮೈ ಕೆಂಪು ಸ್ಪ್ರೇ, ಒಣಗಿದ ಮ್ಯಾಲೆ ಹೊರಮೈಗೆ ಬಣ್ಣವನ್ನ ಸ್ಪಂಜಿನಾಗ ಅದ್ದಿ ತಟ್ಟಿ ಹಾಕ್ರಿ, ಸ್ಪ್ರೇ ಹೊಡೆದ್ರ ತೂತಿನಾಗ ಹಾದು ಕೆಂಪೆಲ್ಲಾ ಹಾಳಾಗ್ತೈತಿ.